ಗುಡ್ಡ ಇಳಿಯುವ ಹೊತ್ತು

ಮುತ್ತುಗದಹಟ್ಟಿಯಲ್ಲಿ ಜನ ಗಡಿಯಾರ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. "ಗುಡ್ಡ ಅರ್ಧ ಎದ್ದಾಗ ಬಾ" ಅಂದರೆ ಎಳೆಬಿಸಿಲು ಕಳೆದ ಮೇಲೆ ಬಾ ಎಂದರ್ಥ. "ಗುಡ್ಡ ಇಳೀಲಿ, ನೋಡೋಣ" ಅಂದರೆ ಸಂಜೆ ದೀಪ ಹಚ್ಚಿದ ಮೇಲಿನ ಮಾತು. ಹೊರಗಿನಿಂದ ಬಂದ ನೆಂಟರು ಇದನ್ನು ತಮಾಷೆ ಅಂದುಕೊಳ್ಳುತ್ತಿದ್ದರು. ಮಾರನೆಯ ಬೆಳಿಗ್ಗೆ ಬಿಸಿಲು ಬಲಿತು, ಆ ಬಂಡೆಗುಡ್ಡ ತನ್ನ ಜಾಲಿಗಿಡ, ಮೆಟ್ಟಿಲು, ಗುಡಿ ಎಲ್ಲವನ್ನೂ ಹೊತ್ತುಕೊಂಡು ಸದ್ದಿಲ್ಲದೆ ಮೇಲೇಳುವುದನ್ನು ಕಂಡಾಗ ಅವರ ನಗು ಗಂಟಲಲ್ಲೇ ನಿಲ್ಲುತ್ತಿತ್ತು.

ಉಳಿದವರಿಗೆಲ್ಲ ಅದು ರೂಢಿಯಾಯಿತು. ಮಾರಕ್ಕನಿಗೆ ಆಗಲಿಲ್ಲ.

ಗುಡ್ಡ ಕೊಯ್ಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ವಜ್ರದ ಹಲ್ಲು ಕೂರಿಸಿದ ತಂತಿಗಳನ್ನು ಬಂಡೆಯೊಳಗೆ ಇಳಿಬಿಟ್ಟು, ಬೆಲ್ಲದಚ್ಚು ಬಿಡಿಸಿದ ಹಾಗೆ ಗುಡ್ಡವನ್ನು ಸುತ್ತಲೂ ದುಂಡಗೆ ಕೊಯ್ದರು. ಆಮೇಲೆ ಎಷ್ಟೋ ಆಳಕ್ಕೆ ಹೋಗಿ ಬುಡವನ್ನೂ ಬಿಡಿಸಿದರು. ಆ ವರ್ಷಗಳಲ್ಲಿ ಹಟ್ಟಿಯ ಹಾಲಿನ ಮೇಲೆ ಕೆನೆಯ ಬದಲು ಕಲ್ಲಿನ ಪುಡಿ ಕಟ್ಟುತ್ತಿತ್ತು. ಮೊದಲ ಸಲ ಗುಡ್ಡ ಎದ್ದ ದಿನ ನಾಯಿಗಳೆಲ್ಲ ಒಂದೇ ದಿಕ್ಕಿಗೆ ಓಡಿದವು. ಕುರಿಗಳು ರೊಪ್ಪದ ಬೇಲಿ ಮುರಿದವು. ಮಾರಕ್ಕ ಹಿತ್ತಲಲ್ಲಿ ಕೂತು, ತಿಂದಿದ್ದನ್ನೆಲ್ಲ ವಾಂತಿ ಮಾಡಿಕೊಂಡಳು.

"ಅದು ಬ್ಯಾಟರಿ ಕಣವ್ವಾ, ಅಷ್ಟೇಯ," ಎಂದು ಮಗಳು ನೇತ್ರಾ ಎಷ್ಟೋ ಸಲ ಬಿಡಿಸಿ ಹೇಳಿದ್ದಳು. ಅವಳು ಗುಡ್ಡದ ಕಂಟ್ರೋಲ್ ರೂಮಿನಲ್ಲೇ ಕೆಲಸಕ್ಕಿದ್ದಳು. "ಹಗಲೊತ್ತು ಬಿಸಿಲಿನ ಕರೆಂಟು ಬೇಕಾದ್ದಕ್ಕಿಂತ ಜಾಸ್ತಿ ಬರ್ತೈತೆ. ಅದನ್ನ ಮೂಟೆ ಕಟ್ಟಿ ಇಡಾಕಾಯ್ತದಾ? ಅದಕ್ಕೇ ಪಂಪು ಹಾಕಿ ಗುಡ್ಡದ ಬುಡಕ್ಕೆ ನೀರು ನೂಕ್ತೀವಿ. ನೀರಿಗೆ ಬೇರೆ ದಾರಿ ಇಲ್ಲ, ಗುಡ್ಡನ್ನ ಎತ್ತತೈತೆ. ಸಂಜೆ ಬಾಗಿಲು ಬಿಟ್ರೆ ಗುಡ್ಡದ ಭಾರಕ್ಕೆ ಅದೇ ನೀರು ನುಗ್ಗಿ ಬಂದು ಚಕ್ರ ತಿರುಗಿಸ್ತೈತೆ. ಆ ಕರೆಂಟಲ್ಲೇ ನೀನು ಸಾರು ಕಾಸೋದು."

"ಅಷ್ಟು ದೊಡ್ಡ ಕಲ್ಲು ನೀರಿನ ಮೇಲೆ ಕೂತೈತೆ ಅಂತ ನೀನೇ ಹೇಳ್ತೀಯ. ಆಮೇಲೆ ಹೆದರಬ್ಯಾಡ ಅಂತಲೂ ನೀನೇ ಹೇಳ್ತೀಯ."

"ಒಡ್ಯಾಣ ಐತಲ್ಲ?"

ಒಡ್ಯಾಣ ಎಂದು ಹಟ್ಟಿಯವರು ಹೆಸರಿಟ್ಟಿದ್ದು ಗುಡ್ಡದ ಸೊಂಟ ಸುತ್ತಿದ ದಪ್ಪ ರಬ್ಬರಿನ ಪಟ್ಟಿಗೆ. ಗುಡ್ಡಕ್ಕೂ ಸುತ್ತಲಿನ ಬಂಡೆಗೂ ನಡುವೆ ಮೊಳದಗಲದ ಸೀಳು. ಅದರೊಳಗೆ ಕಣ್ಣಿಗೆ ಕಾಣದಷ್ಟು ಕೆಳಗೆ ಆ ಪಟ್ಟಿಯನ್ನು ಉಕ್ಕಿನ ಕೊಂಡಿಗಳು ಸುತ್ತಲೂ ಕಚ್ಚಿ ಹಿಡಿದಿದ್ದವು. ನೀರು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೊಂದೇ.

ಮಾರಕ್ಕನ ಭಯಕ್ಕೆ ಕಾರಣ ಇತ್ತು. ಅವಳ ಗಂಡ ಪಾಲಯ್ಯ ಗುಡ್ಡದ ನೆತ್ತಿಯ ಮುತ್ತುಗದಮ್ಮನ ಪೂಜಾರಿ. ಗುಡ್ಡ ಏಳುವ ಮೊದಲೇ ಹತ್ತಿ ಹೋಗುವವನು ಗುಡ್ಡ ಇಳಿದ ಮೇಲೆಯೇ ಮನೆಗೆ ಬರುತ್ತಿದ್ದ. ಎದ್ದ ಗುಡ್ಡಕ್ಕೆ ಹತ್ತಿಳಿಯಲು ಪೂರ್ವದ ಮಗ್ಗುಲಲ್ಲಿ ಕಬ್ಬಿಣದ ಬುಟ್ಟಿಯ ಲಿಫ್ಟು ಇತ್ತು. "ಬುಟ್ಟೀಲಿ ಕೂರಾಕೆ ನಾನೇನು ಕೋಳೀನಾ?" ಎಂದು ಅವನು ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆಯೂ ಅದೇ ಮಾತು ನಡೆಯಿತು.

"ಇವತ್ತೊಂದಿನ ಹೋಗಬ್ಯಾಡ. ನನ್ನ ಎಡಗಣ್ಣು ಅದುರ್ತೈತೆ," ಎಂದಳು ಮಾರಕ್ಕ.

"ಹೆಂಗಸರಿಗೆ ಎಡಗಣ್ಣು ಅದುರಿದ್ರೆ ಒಳ್ಳೇದು ಕಣೇ."

"ಹಂಗಾದ್ರೆ ಬಲಗಣ್ಣು ಅದುರ್ತೈತೆ ಅಂದ್ಕೋ."

ಪಾಲಯ್ಯ ನಕ್ಕ. "ಮಂಗಳವಾರ, ಹರಕೆಯವರು ಬರ್ತಾರೆ. ಬಾಗಿಲು ಹಾಕ್ಕೊಂಡು ಕೂತ್ರೆ ಅಮ್ಮ ಬಯ್ತಾಳೆ. ಅವಳು ಬಯ್ಯೋದು ನಿನ್ನಂಗಲ್ಲ, ಒಂದೇ ಸಲ." ಹೂವಿನ ಬುಟ್ಟಿ ಹೆಗಲಿಗೇರಿಸಿ ಹೊರಟೇಬಿಟ್ಟ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಾರಕ್ಕ ಮುದ್ದೆ, ಹುರುಳಿ ಸಾರು ಕಟ್ಟಿಕೊಂಡು ಮಗಳ ಬಳಿಗೆ ಹೊರಟಳು. ಮೊದಲು ಹೋದದ್ದು ಸೀಳಿನ ಬಳಿಗೆ.

ಗುಡ್ಡ ಕೊಯ್ಯುವ ಮುಂಚೆ ನೆತ್ತಿಯ ಮೇಲೆ ಒಂದು ದೊಣೆ ಇತ್ತು. ಬಂಡೆಯ ಗುಣಿ, ಮಳೆನೀರು ನಿಲ್ಲುತ್ತಿತ್ತು. ಮೈಮೇಲೆ ನರೂಲಿಯ ಗಂಟು ಎದ್ದವರು ಅದಕ್ಕೆ ಒಂದು ಹಿಡಿ ಉಪ್ಪು ಹಾಕಿ ಹಿಂದೆ ತಿರುಗಿ ನೋಡದೆ ಬರಬೇಕು. ಉಪ್ಪು ಕರಗಿದ ಹಾಗೆ ನರೂಲಿ ಕರಗುತ್ತದೆ ಎಂದು ನಂಬಿಕೆ. ಗುಡ್ಡ ಅಲ್ಲಾಡಲು ಶುರುವಾದ ಮೇಲೆ ದೊಣೆ ಬಿರುಕು ಬಿಟ್ಟು ಒಣಗಿತು. ಜನ ಉಪ್ಪನ್ನು ಸೀಳಿಗೆ ಹಾಕತೊಡಗಿದರು. ಕೆಳಗೆ ನೀರಿದೆಯಲ್ಲ, ಅಮ್ಮನ ಕಾಲಡಿಯ ನೀರು ಎಂದರು. ಮೊದಮೊದಲು ನರೂಲಿಗೆ ಹಾಕಿದರು, ಆಮೇಲೆ ಜ್ವರಕ್ಕೆ, ಕೋರ್ಟಿನ ವ್ಯಾಜ್ಯಕ್ಕೆ, ಕಡೆಗೆ ಗುಡ್ಡದ ಭಯಕ್ಕೇ ಹಾಕಿದರು. ಏಳುವ ಗುಡ್ಡದ ಸುದ್ದಿ ಹಬ್ಬಿ ಪರ ಊರಿನವರೂ ಚೀಲ ಕಟ್ಟಿಕೊಂಡು ಬಂದರು. ಕಂಪನಿಯವರು ಸೀಳಿನ ಮೇಲೆ ಬಲೆ ಹೊದಿಸಿ, 'ಕಲ್ಲು, ನಾಣ್ಯ, ತೆಂಗಿನಕಾಯಿ ಎಸೆಯಬಾರದು' ಎಂದು ಹಲಗೆ ನಿಲ್ಲಿಸಿದ್ದರು. ಉಪ್ಪು ಬಲೆಯ ಕಣ್ಣಿನಲ್ಲಿ ಸಲೀಸಾಗಿ ಇಳಿದು ಹೋಗುತ್ತಿತ್ತು.

ಮಾರಕ್ಕ ಕಣ್ಣು ಮುಚ್ಚಿ ಒಂದು ಹಿಡಿ ಹಾಕಿದಳು. "ನನ್ನ ಹೆದರಿಕೆ ಕರಗಲಿ ತಾಯೀ. ಅವನನ್ನ ಹುಷಾರಾಗಿ ಇಳಿಸು." ಗುಡ್ಡ ಪೂರ್ತಿ ಎದ್ದಿತ್ತು. ಅದರ ಮಗ್ಗುಲು ಅವಳ ಮುಖದ ಮುಂದೆ ಗೋಡೆಯಂತೆ ಆಕಾಶಕ್ಕೆ ಹೋಗಿತ್ತು. ಹಿಂದೆ ನೋಡದೆ ನಡೆದಳು.

ಕಂಟ್ರೋಲ್ ರೂಮಿನಲ್ಲಿ ನೇತ್ರಾಳೊಂದಿಗೆ ಎಂಜಿನಿಯರ್ ಶೆಟ್ಟಿಗಾರರಿದ್ದರು. ಕಡಲ ಕಡೆಯವರು, ಮಾತು ಕಡಿಮೆ. ಮಾರಕ್ಕನ ಹುರುಳಿ ಸಾರನ್ನು ಕಂಡರೆ ಮಾತ್ರ ಅವರ ಮುಖ ಅರಳುತ್ತಿತ್ತು. "ಬನ್ನಿ ಮಾರಕ್ಕ, ನನಗೂ ಒಂದು ತುತ್ತು ಉಂಟೋ ಹೇಗೆ?" ಎಂದು ಕುರ್ಚಿ ಎಳೆದರು.

ತುತ್ತು ಬಾಯಿಗೆ ಹೋಗಲಿಲ್ಲ. ಹೊರಗೆ ಸಾವಿರ ಹಾವು ಒಟ್ಟಿಗೆ ಬುಸುಗುಟ್ಟಿದಂಥ ಸದ್ದು ಎದ್ದಿತು.

ಕಿಟಕಿಯಲ್ಲಿ ನೋಡಿದರೆ, ಪೂರ್ವದ ಸೀಳಿನಿಂದ ನೀರು ಬಿಳಿ ಕಂಬದ ಹಾಗೆ ಮೇಲಕ್ಕೆ ನಿಂತಿತ್ತು. ಲಿಫ್ಟಿನ ಬುಟ್ಟಿ ಕಿತ್ತು ಬಂದು, ಕಾಗದದ ಚೂರಿನಂತೆ ತಿರುಗುತ್ತ ಹೋಗಿ ಜಾಲಿಯ ಮೇಲೆ ಬಿತ್ತು. ತುಂತುರು ಗಾಳಿಗೆ ಹಾರಿ, ದೂರದ ಊರುಗಳಿಗೆ ಕರೆಂಟು ಒಯ್ಯುವ ದೊಡ್ಡ ಲೈನಿನ ಕಂಬಗಳ ಮೇಲೆ ಬಿದ್ದದ್ದೇ ತಡ, ನೀಲಿ ಬೆಂಕಿ ಚಟಾರನೆ ಹೊಡೆಯಿತು. ನೇತ್ರಾಳ ಮುಂದಿನ ಪರದೆ ಪೂರ್ತಿ ಕೆಂಪಗಾಯಿತು.

"ದೊಡ್ಡ ಲೈನ್ ಹೋಯ್ತು ಸಾರ್. ಹಟ್ಟಿಗಳ ಲೈನ್ ಮಾತ್ರ ಉಳಿದೈತೆ."

ಹೊರಗೆ ಹೋಗಿದ್ದ ಕಾವಲುಗಾರ ತೊಯ್ದು ತೊಪ್ಪೆಯಾಗಿ ಓಡಿ ಬಂದ. ನೀರಿನ ಜೊತೆ ಹಾರಿ ಬಿದ್ದ ಉಕ್ಕಿನ ಕೊಂಡಿಯೊಂದು ಅವನ ಕೈಯಲ್ಲಿತ್ತು. ಶೆಟ್ಟಿಗಾರರು ಅದನ್ನು ತಿಕ್ಕಿದರು. ಉಕ್ಕು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಉದುರಿತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದರು.

"ಉಪ್ಪು," ಎಂದರು. "ನಮ್ಮೂರಲ್ಲಿ ದೋಣಿಯ ಮೊಳೆ ಹೀಗಾಗುವುದು. ಈ ಬಯಲುಸೀಮೆಯಲ್ಲಿ ಉಪ್ಪು ಎಲ್ಲಿಂದ..." ಅಲ್ಲಿಗೇ ನಿಲ್ಲಿಸಿದರು.

ಮಾರಕ್ಕನ ಅಂಗೈಯ ಗೆರೆಗಳಲ್ಲಿ ಇನ್ನೂ ಎರಡು ಹರಳು ಅಂಟಿಕೊಂಡಿದ್ದವು. ಅವಳು ಕೈಯನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. "ಸಾರ್, ನಾನು... ಈಗಷ್ಟೇ..."

"ನಾನೂ ಹಾಕೀನಿ ಬಿಡವ್ವಾ," ಎಂದಳು ನೇತ್ರಾ ಪರದೆಯಿಂದ ಕಣ್ಣು ಕೀಳದೆ. "ಪರೀಕ್ಷೆ ದಿನ."

"ನನ್ನ ಹೆಂಡತಿಯೂ ಹಾಕಿದ್ದಾಳೆ. ಪಕ್ಕದಲ್ಲೇ ನಿಂತು ನಗುತ್ತಿದ್ದೆ," ಎಂದರು ಶೆಟ್ಟಿಗಾರರು. "ಹಲಗೆ ಬರೆಸಿದವನು ನಾನೇ. ಉಪ್ಪು ಅಂತ ಹೊಳೆಯಲಿಲ್ಲ. ಈಗ ಅದು ಬೇಡ. ಮೇಲೆ ಯಾರಿದ್ದಾರೆ?"

"ಅಪ್ಪ ಅದಾರೆ," ಎಂದಳು ನೇತ್ರಾ. "ಹರಕೆಯವರೂ ಇರ್ತಾರೆ, ಮಕ್ಕಳೂ." ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಏನಮ್ಮಾ ಅದು?" ಪಾಲಯ್ಯನ ದನಿ ಎಲ್ಲೋ ಬಾವಿಯಿಂದ ಬಂದಂತಿತ್ತು. "ಬಂಡೆ ಗುಂಯ್ಗುಡ್ತೈತೆ. ಗುಡಿಯೊಳಗೆ ದೀಪದ ಎಣ್ಣೆ ಎಲ್ಲಾ ಒಂದು ಕಡೀಕೆ ಬಂದೈತೆ. ಗುಡ್ಡ ವಾಲ್ತಾ ಐತಾ?"

ಶೆಟ್ಟಿಗಾರರು ಫೋನಿಗೆ ಬಾಗಿ ಹೇಳಿದರು: "ಪಾಲಯ್ಯನವರೇ, ಎಲ್ಲರನ್ನೂ ಪೂರ್ವದಂಚಿನಿಂದ ಈಚೆಗೆ ಕರಕೊಳ್ಳಿ. ಗುಡಿಯೊಳಗೆ ಬೇಡ, ಬಯಲಿನಲ್ಲಿ ಕೂರಿಸಿ. ಇಳಿಸುತ್ತೇವೆ."

"ನಮ್ಮವಳು ಅಲ್ಲಿ ಅವ್ಳಾ?"

"ಇದೀನಿ," ಎಂದಳು ಮಾರಕ್ಕ.

"ಬಲಗಣ್ಣೇ ಇರಬೇಕು ಕಣೇ," ಎಂದ ಪಾಲಯ್ಯ. ನಗಲು ನೋಡಿದ, ಆಗಲಿಲ್ಲ. ಫೋನು ಕಡಿಯಿತು.

ಮಾರಕ್ಕ ಕಿಟಕಿಯ ಬಳಿ ನೆಲಕ್ಕೆ ಕೂತಳು. ತಲೆಯ ಮೇಲೆ ಶೆಟ್ಟಿಗಾರರ ಮಾತು ಹರಿಯುತ್ತಿತ್ತು. ಒಡ್ಯಾಣ ಪೂರ್ತಿ ಕಿತ್ತು ಬರುವ ಮೊದಲು ಗುಡ್ಡ ಇಳಿಯಬೇಕು. ಪಕ್ಕದ ತೂಬು ತೆರೆದರೆ ನೀರೆಲ್ಲ ಒಂದೇ ಸಲ ಹೋಗುತ್ತದೆ, ಆದರೆ ಗುಡ್ಡವೂ ಒಂದೇ ಸಲ ಕೂರುತ್ತದೆ, ಮೇಲಿದ್ದವರು ಉಳಿಯುವುದಿಲ್ಲ. ನಿಧಾನಕ್ಕೆ ಇಳಿಸಬೇಕಾದರೆ ನೀರು ಚಕ್ರದ ಮೂಲಕವೇ ಹೋಗಬೇಕು. ಚಕ್ರ ತಿರುಗಿದರೆ ಕರೆಂಟು ಹುಟ್ಟುತ್ತದೆ, ಅದನ್ನು ಯಾರಾದರೂ ತಿನ್ನಲೇಬೇಕು. ತಿನ್ನುವವರಿಲ್ಲದಿದ್ದರೆ ಚಕ್ರ ಹುಚ್ಚು ಹಿಡಿದಂತೆ ಸುತ್ತುತ್ತದೆ. ಹಾಗಾಗದಿರಲಿ ಎಂದು ಅದು ತಾನೇ ಬಾಗಿಲು ಹಾಕಿಕೊಂಡು ನಿಂತುಬಿಡುತ್ತದೆ.

"ದೊಡ್ಡ ಲೈನಿಲ್ಲ. ಇನ್ನು ಹಟ್ಟಿಗಳೇ ತಿನ್ನಬೇಕು," ಎಂದರು. "ಬಿಡು ನೇತ್ರಾ, ಸ್ವಲ್ಪ ಬಿಡು."

ನೇತ್ರಾ ಬಾಗಿಲು ಬಿಟ್ಟಳು. ಗುಡ್ಡ ಕದಲಿತು. ಕಿಟಕಿಯಲ್ಲಿ ಅದರ ಅಂಚು ಒಂದು ಗೇಣು ಇಳಿದದ್ದನ್ನು ಮಾರಕ್ಕ ಕಂಡಳು.

ಆಗ ಸೈರನ್ ಕೂಗಿತು. ಯಾರೂ ಒತ್ತಿರಲಿಲ್ಲ, ನೀರು ಸೋರುತ್ತಿರುವಾಗ ಗುಡ್ಡ ಕದಲಿದರೆ ತಾನಾಗಿಯೇ ಕೂಗುವಂತೆ ಇಟ್ಟಿದ್ದರು. ಅದು ಕೂಗಿದರೆ ಏನು ಮಾಡಬೇಕೆಂದು ಸುತ್ತಿನ ಹಟ್ಟಿಗಳಿಗೆ ಮೊದಲ ವರ್ಷದಿಂದಲೂ ಕಲಿಸುತ್ತ ಬಂದಿದ್ದರು: ಮೋಟಾರು, ಮಿಕ್ಸಿ, ಫ್ಯಾನು, ಎಲ್ಲ ಆರಿಸಿ ಹೊರಗೆ ಬನ್ನಿ. ಕರೆಂಟಿಗೆ ಆಪತ್ತು ಬಂದಾಗ ಎಳೆಯಬಾರದು ಎಂದು. ಮಕ್ಕಳು ಶಾಲೆಯಲ್ಲಿ ಆಟದಂತೆ ಅಭ್ಯಾಸ ಮಾಡಿದ್ದರು, ಮುದುಕಿಯರು ನಿದ್ದೆಗಣ್ಣಲ್ಲೂ ಸ್ವಿಚ್ಚಿಗೆ ಕೈ ಹಾಕುತ್ತಿದ್ದರು. ಅಷ್ಟು ಚೆನ್ನಾಗಿ ಕಲಿತಿದ್ದರು.

ಪರದೆಯ ಅಂಕಿಗಳು ಬಳಬಳನೆ ಉದುರಿದವು. ಚಕ್ರ ಬಾಗಿಲು ಹಾಕಿಕೊಂಡಿತು. ಇಳಿಯುತ್ತಿದ್ದ ಗುಡ್ಡ ಜಗ್ಗಿ ನಿಂತಿತು. ಜಗ್ಗಿದ ರಭಸಕ್ಕೆ ನೆಲ ನಡುಗಿ, ಊಟದ ಡಬ್ಬಿ ಮೇಜಿನಿಂದ ಬಿತ್ತು. ಮೇಲಿಂದ, ಅಷ್ಟು ಎತ್ತರದಿಂದ, ಮಕ್ಕಳ ಕೂಗು ಕೇಳಿಸಿತು.

"ಆರಿಸಿಬಿಟ್ರು," ಎಂದಳು ನೇತ್ರಾ. "ಸಾರ್, ಎಲ್ಲಾ ಆರಿಸಿಬಿಟ್ರು. ಫೋನು ಯಾರಿಗೂ ಹೋಗ್ತಿಲ್ಲ, ಎಲ್ಲಾ ಒಟ್ಟಿಗೇ ಮಾಡ್ತಾವ್ರೆ." ಮೊದಲ ಸಲ ತಿರುಗಿ ತಾಯಿಯನ್ನು ನೋಡಿದಳು. ಚಿಕ್ಕವಳಿದ್ದಾಗ ಬಾವಿಯೊಳಗೆ ಬಗ್ಗಿ ನೋಡಿ ಹೆದರಿದಾಗ ಇದ್ದ ಮುಖ ಅದು. "ಅವ್ವಾ, ಹೋಗಿ ಹೇಳು. ಹಾಕ್ರಿ ಅಂತ ಹೇಳು. ಇರೋದೆಲ್ಲಾ ಹಾಕ್ಲಿ."

ಅಂಗಳದಲ್ಲಿ ಪಂಚಾಯ್ತಿಯ ಕಸದ ಗಾಡಿ ನಿಂತಿತ್ತು. ಅದನ್ನು ಓಡಿಸುವ ಶಶಿಕಲಾ ಸ್ಟೀರಿಂಗ್ ಹಿಡಿದು ಗುಡ್ಡವನ್ನೇ ನೋಡುತ್ತ ಕೂತಿದ್ದಳು. ಮಾರಕ್ಕ ಹತ್ತಿ ಮೈಕು ಕಸಿದುಕೊಂಡಳು.

"ಎಲ್ಲಿಗೆ ದೊಡ್ಡವ್ವ?"

"ಹಟ್ಟಿಗೆ. ಹೊಡಿಯೇ ಗಾಡೀನ!"

ಜನ ಬೇವಿನ ಕಟ್ಟೆಯ ಬಳಿ ಕುರಿಗಳ ಹಾಗೆ ಒತ್ತಾಗಿ ನಿಂತಿದ್ದರು. ಮಾರಕ್ಕನಿಗೆ ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ಮೈಕಿನಲ್ಲಿ ತನ್ನ ದನಿ ಕೇಳಿ ತಾನೇ ಬೆದರಿದಳು. "ಹಾಕ್ರೀ! ಎಲ್ಲಾ ಹಾಕ್ರೀ! ಮೋಟ್ರು, ಲೈಟು, ಗ್ರೈಂಡ್ರು. ಕರೆಂಟು ಉಣ್ಣೋರಿಲ್ದೆ ಗುಡ್ಡ ಇಳೀವಲ್ದು!"

"ಸೈರನ್ ಕೂಗಿದ್ರೆ ಆರಿಸ್ಬೇಕು ಅಂತ ನಿನ್ನ ಮಗಳೇ ಬಂದು ಹೇಳಿದ್ಳಲ್ಲಾ?" ಎಂದ ಒಬ್ಬ.

"ಈಗ ಹಾಕ್ರಿ ಅಂತಲೂ ಅವಳೇ ಹೇಳವಳೆ!"

"ಎಡವಟ್ಟಾದ್ರೆ ಯಾರು ಹೊಣೆ? ಭಯಕ್ಕೆ ಇವಳಿಗೆ ತಲೆ ಕೆಟ್ಟೈತೆ."

ಅದು ನಿಜವೇ ಆಗಿತ್ತು. ಮಾರಕ್ಕ ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದಳು. "ಹೂಂ, ಕೆಟ್ಟೈತೆ," ಎಂದಳು ಮೈಕಿನಲ್ಲೇ. "ಹದಿನಾರು ವರ್ಷದಿಂದ ಕೆಟ್ಟೈತೆ. ನನ್ನ ಗಂಡ ಅಲ್ಲಿ ಅವ್ನೆ. ನಿಮ್ಮ ಮಕ್ಕಳು ಮರಿ ಯಾರು ಮೇಲೆ ಹೋಗೋರೆ ನೋಡ್ಕಳ್ರಿ. ನನ್ನ ಮಾತು ಸುಳ್ಳಾದ್ರೆ ಆಮೇಲೆ ಬಂದು ನನ್ನ ಬಾಯಿಗೆ ಮಣ್ಣು ಹಾಕ್ರಿ. ಈಗ ಹೋಗ್ರಿ ಒಳೀಕೆ!"

ಗುಂಪಿನಲ್ಲಿ ಒಬ್ಬಳು "ನಮ್ಮ ಪುಟ್ಟಿ!" ಎಂದು ಕಿರುಚಿ ಮನೆಯ ಕಡೆ ಓಡಿದಳು. ಅವಳ ಹಿಂದೆ ಇನ್ನೊಬ್ಬಳು ಓಡಿದಳು. ಆಮೇಲೆ ಕಟ್ಟೆ ಖಾಲಿಯಾಯಿತು.

ಮೊದಲು ಶುರುವಾಗಿದ್ದು ಜಬೀವುಲ್ಲಾನ ಹಿಟ್ಟಿನ ಗಿರಣಿ. ಅವನು ಬಾಗಿಲಿಗೆ ಬಂದು ಕೂಗಿದ: "ಅಕ್ಕಾ, ಬರೀ ಕಲ್ಲು ಸುತ್ತಿದ್ರೆ ಇದು ಏನೂ ತಿನ್ನಲ್ಲ! ಕಾಳು ಬೇಕು, ಕಾಳು ತರ್ಸು!"

ಹೆಂಗಸರು ಮನೆಯಿಂದ ರಾಗಿ ತಂದು ಸುರಿದರು. ರಾಗಿ ಮುಗಿದ ಮೇಲೆ ಜೋಳ ತಂದರು, ಬಿತ್ತನೆಗೆ ಬೂದಿ ಬೆರೆಸಿ ಇಟ್ಟಿದ್ದ ಕಾಳನ್ನೂ ತಂದರು. ಜಬೀವುಲ್ಲಾ ಬೆವರು ಒರೆಸುತ್ತ, "ಬೂದಿ ಹಿಟ್ಟು ಯಾರವ್ವಾ ತಿನ್ನೋದು?" ಎಂದರೆ, "ನೀನೇ ತಿನ್ನು, ಹಾಕಯ್ಯಾ ಸುಮ್ಕೆ!" ಎಂದು ಗದರಿದರು. ಕಸದ ಗಾಡಿ ಪಕ್ಕದ ಹಟ್ಟಿಗೆ ಹೋಯಿತು, ಅಲ್ಲಿಂದ ಮುಂದಿನದಕ್ಕೆ. ಗಂಡಸರು ಹೊಲಗಳಿಗೆ ಓಡಿ ಪಂಪ್‌ಸೆಟ್ಟು ಬಿಟ್ಟರು. ಕಟಾವಿಗೆ ಬಂದ ಕಡಲೆ ನೀರಲ್ಲಿ ಮುಳುಗಿತು. ಕಲ್ಯಾಣ ಮಂಟಪದವನು ಮದುವೆಯ ಸೀರಿಯಲ್ ಲೈಟೆಲ್ಲ ಹೊರಗೆಳೆದು ಹಾಕಿದ. ಉರಿಬಿಸಿಲಿನಲ್ಲಿ ಬಲ್ಬುಗಳು ಉರಿಯುತ್ತಿದ್ದವು. ಬೆಳಕಿಗೆ ಬೆಳಕು ಕಾಣುತ್ತಿರಲಿಲ್ಲ. ಯಾರೂ ಸೀರೆ ಹಾಸದ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆಗಳು ಕಾದು ಕೂತಿದ್ದವು.

ನೇತ್ರಾಳ ಫೋನು ಕಡೆಗೂ ಬಂತು. "ಇಳೀತೈತೆ ಅವ್ವಾ. ಯಾರೂ ಆರಿಸಬಾರದು. ಒಬ್ರೂ."

"ಎಷ್ಟೊತ್ತು?"

"ಸಂಜೆಗಂಟ. ಸೋರೋ ಕಡೆ ವಾಲಬಾರದು ಅಂತ ಇರುವೆ ಹೋದಂಗೆ ಇಳಿಸ್ತಾ ಇದೀವಿ." ದನಿ ತಗ್ಗಿಸಿ ಹೇಳಿದಳು, "ಒಡ್ಯಾಣ ಇನ್ನೆರಡು ಕಡೆ ಬಿಟ್ಟೈತೆ."

ಆ ಮಧ್ಯಾಹ್ನ ಹೇಗೆ ಕಳೆಯಿತೆಂದು ಆಮೇಲೆ ಹಟ್ಟಿಯಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಎಲ್ಲರಿಗೂ ನೆನಪಿದ್ದದ್ದು ಸದ್ದು. ಗಿರಣಿ, ಮಿಕ್ಸಿ, ಪಂಪು, ಟಿ.ವಿ., ಎಲ್ಲ ಒಟ್ಟಿಗೆ ಅರಚುತ್ತಿದ್ದವು. ಪ್ರತಿ ಮನೆಯ ಸ್ವಿಚ್ಚಿನ ಬಳಿ ಒಬ್ಬೊಬ್ಬರು ಕಾವಲು ಕೂತಿದ್ದರು, ಅಭ್ಯಾಸಬಲದಿಂದ ಯಾರ ಕೈಯಾದರೂ ಅದರ ಮೇಲೆ ಹೋದೀತು ಎಂದು. ಮೋಟಾರು ಸುಟ್ಟ ವಾಸನೆ ಬಂದಾಗಲೆಲ್ಲ ಎಲ್ಲರೂ ಗುಡ್ಡದ ಕಡೆ ತಿರುಗುತ್ತಿದ್ದರು. ಒಂದು ಸಲ ಗುಡ್ಡ ಮತ್ತೆ ಜಗ್ಗಿತು. ನೆತ್ತಿಯಿಂದ ಆಳೆತ್ತರದ ಬಂಡೆಯೊಂದು ಕಳಚಿ, ನೀರಿನ ಕಂಬದೊಳಕ್ಕೆ ಬಿದ್ದು, ಪುಡಿಯಾಗಿ ಹಾರಿತು. ಅದು ಗುಡಿಯ ಗೋಪುರ ಎಂದು ಯಾರೋ ಅಂದರು. ಮಾರಕ್ಕ ಹಟ್ಟಿಗಳನ್ನು ಸುತ್ತಿ ಬಂದು ಗಿರಣಿಯ ಬಾಗಿಲಲ್ಲಿ ಕೂತು, ಬೊಗಸೆ ಬೊಗಸೆ ಕಾಳು ಎತ್ತಿ ಕೊಡುತ್ತಿದ್ದಳು. ಕಂಟ್ರೋಲ್ ರೂಮಿನಲ್ಲಿ ಕಡಿದಾಗಿನಿಂದ ಪಾಲಯ್ಯನ ಫೋನು ಸತ್ತಿತ್ತು.

ಬಿಸಿಲು ಇಳಿಯಿತು. ಅಲ್ಲಿಯವರೆಗೆ ಕಾಣದಿದ್ದ ದೀಪಗಳು ಒಂದೊಂದಾಗಿ ಕಾಣತೊಡಗಿದವು. ಮನೆ, ಕೊಟ್ಟಿಗೆ, ಬಚ್ಚಲು, ಹೊಲದ ಶೆಡ್ಡು, ಎಲ್ಲ ಕಡೆ. ಮದುವೆಯ ಸೀರಿಯಲ್ ಲೈಟು ಬೇವಿನ ಮರದಲ್ಲಿ ಹಸಿರು ಕೆಂಪು ಹೊಡೆಯುತ್ತಿತ್ತು. ಅಷ್ಟೊಂದು ಬೆಳಕಿನಲ್ಲಿ ಜನರ ಮುಖಗಳು ಹೆಣದ ಮುಖಗಳ ಹಾಗೆ ಕಂಡವು. ಬೆಳಕಿನ ಆಚೆ ಗುಡ್ಡ ಕಾಣುತ್ತಲೇ ಇರಲಿಲ್ಲ. ಇಳಿಯಿತೋ, ಎಷ್ಟು ಇಳಿಯಿತೋ, ಮೇಲೆ ಯಾರಾದರೂ ಉಸಿರಾಡುತ್ತಿದ್ದಾರೋ, ತಿಳಿಯಲು ದಾರಿ ಇರಲಿಲ್ಲ.

ಆಮೇಲೆ ಕಾಲಡಿಯಲ್ಲಿ ಧಪ್ ಎಂದಿತು. ದೊಡ್ಡ ಸದ್ದೇನಲ್ಲ. ಹೊರೆ ಹೊತ್ತವಳು ಹೊರೆ ಕೆಳಗಿಟ್ಟ ಹಾಗೆ.

ದೀಪಗಳೆಲ್ಲ ಒಟ್ಟಿಗೆ ಆರಿದವು.

ಗಿರಣಿಯ ಕಲ್ಲು ಒಂದೆರಡು ಸುತ್ತು ತಾನೇ ಸುತ್ತಿ ನಿಂತಿತು. ಸುತ್ತಿನ ಯಾವ ಹಟ್ಟಿಯಲ್ಲೂ ಒಂದು ಕಿಡಿಯೂ ಇರಲಿಲ್ಲ. ಕತ್ತಲಲ್ಲಿ ಜಬೀವುಲ್ಲಾನ ದನಿ ಕೇಳಿತು: "ಅಕ್ಕಾ, ಕರೆಂಟು ಹೋಯ್ತು." ಅಷ್ಟು ಹೇಳಿ ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ.

ಕರೆಂಟು ಹೋಗಿದ್ದರೆ ಎರಡರಲ್ಲಿ ಒಂದು. ನೀರೆಲ್ಲ ಮುಗಿದು ಗುಡ್ಡ ತನ್ನ ಜಾಗದಲ್ಲಿ ಕೂತಿರಬೇಕು, ಇಲ್ಲವೇ ಚಕ್ರವೇ ಒಡೆದಿರಬೇಕು. ಮಾರಕ್ಕ ಎದ್ದು ಗುಡ್ಡದ ದಾರಿ ಹಿಡಿದಳು. ಕಾಲಿಗೆ ಕೆಸರು ತಗುಲಿತು, ಆಮೇಲೆ ಮೊಣಕಾಲುದ್ದ ನೀರು. ಬುಸುಗುಟ್ಟುವ ಸದ್ದು ನಿಂತಿತ್ತು. ನಿಂತದ್ದಕ್ಕೇ ಇನ್ನೂ ಹೆದರಿಕೆಯಾಯಿತು. ಎದುರಿನಿಂದ ಮಗುವೊಂದರ ಅಳು ಬಂತು, ಹಿಂದೆಯೇ ಹೆಜ್ಜೆಗಳು, ಗೊಣಗಾಟ, ಬಳೆಯ ಸದ್ದು. ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದು ಬರುತ್ತಿದ್ದರು. ಅವಳು ಬದಿಗೆ ನಿಂತು, ಹಾದುಹೋಗುವ ಪ್ರತಿಯೊಬ್ಬರ ತೋಳನ್ನೂ ಮುಟ್ಟಿದಳು. ಬಳೆಯ ಕೈ. ಸಣ್ಣ ಕೈ. ಇನ್ನೊಂದು ಬಳೆಯ ಕೈ. ಯಾರದೋ ಗಡ್ಡ.

ಸಾಲು ಮುಗಿಯಿತು. ಅವಳು ಅಲ್ಲೇ ನಿಂತಳು.

ತುಂಬಾ ಹೊತ್ತಿನ ಮೇಲೆ ಒಬ್ಬನೇ ಕಾಲೆಳೆಯುತ್ತ ಬರುವ ಸದ್ದಾಯಿತು. ಅವಳು ಕೂಗಲಿಲ್ಲ, ಕೂಗಿದರೆ ಬೇರೆ ಯಾರೋ ಓಗೊಟ್ಟಾರು ಎಂದು. ಕೈ ಚಾಚಿದಳು. ಬೆರಳಿಗೆ ಒದ್ದೆ ಪಂಚೆ ಸಿಕ್ಕಿತು, ಹೆಗಲು ಸಿಕ್ಕಿತು, ಕಿವಿಯ ಗುರುತಿನ ಒಂಟಿಯುಂಗುರ ಸಿಕ್ಕಿತು. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡ ಮಗುವಿನ ಹಾಗೆ ನಡುಗುತ್ತಿದ್ದ, ಹಲ್ಲು ಕಟಕಟ ಎನ್ನುತ್ತಿದ್ದವು. ಏನೋ ಹೇಳಲು ಹೋಗಿ ಹೇಳಲಾರದೆ, ಅವಳ ರಟ್ಟೆಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದುಕೊಂಡ.

"ಬಿಡಬ್ಯಾಡ," ಎಂದ ಕಡೆಗೆ. "ನೆಲ ಅಲ್ಲಾಡ್ತೈತೆ."

ನೆಲ ಅಲ್ಲಾಡುತ್ತಿರಲಿಲ್ಲ. ಮಾರಕ್ಕ ಆ ಕತ್ತಲಲ್ಲಿ ಅವನನ್ನು ನಡೆಸಿಕೊಂಡು, ಒಂದೊಂದೇ ಹೆಜ್ಜೆ ತಾನು ಮೊದಲಿಟ್ಟು ನೋಡಿ, ಮನೆಯ ಕಡೆ ಹೊರಟಳು.